ಗಳಿಸದ ಬ್ಯಾಡ್ಜನ್ನು ಸ್ಕೌಟ್ ಶರ್ಟಿಗೆ ಹೊಲಿಸಿದರೆ ಅಪರಾಧವೇ? ಅಥವಾ ಅದು ಬರೀ ಅಲಂಕಾರವೇ?

ಸ್ವಾತಂತ್ರ್ಯ ದಿನದ ಪಥಸಂಚಲನ ಹತ್ತಿರ ಬಂದಿದೆ. ನಿಮ್ಮ ಮಗ ಅಥವಾ ಮಗಳು ಮೊದಲ ಬಾರಿ ಸ್ಕೌಟ್ ಅಥವಾ ಗೈಡ್ ಸಮವಸ್ತ್ರ ಹಾಕಿಕೊಳ್ಳಬೇಕು. ಅಂಗಡಿಗೆ ಹೋದರೆ ಶರ್ಟು, ಸ್ಕಾರ್ಫು, ಬೆಲ್ಟಿನ ಜೊತೆ ಬಣ್ಣಬಣ್ಣದ ಬ್ಯಾಡ್ಜುಗಳೂ ಕಾಣುತ್ತವೆ. ಹೆಚ್ಚು ದುಡ್ಡೂ ಆಗುವುದಿಲ್ಲ. ಫೋಟೋದಲ್ಲಿ ಚೆನ್ನಾಗಿ ಕಾಣಲಿ ಎಂದು ನಾಲ್ಕು ಬ್ಯಾಡ್ಜ್ ತಂದು ತೋಳಿಗೆ ಹೊಲಿಸಿಬಿಡೋಣ ಅನ್ನಿಸುವುದು ಸಹಜ.

ಇಂಥ ಫೋಟೋ ಗ್ರೂಪಿಗೆ ಬಂದ ಕೂಡಲೇ ಎರಡು ಬಗೆಯ ಮಾತು ಶುರುವಾಗುತ್ತದೆ. "ಗಳಿಸದ ಬ್ಯಾಡ್ಜ್ ಹಾಕಿಕೊಳ್ಳುವುದು ಶಿಕ್ಷಾರ್ಹ ಅಪರಾಧ, ಪೊಲೀಸ್ ಕೇಸ್ ಆಗುತ್ತದೆ" ಎನ್ನುವವರು ಒಂದು ಕಡೆ. "ಅಂಗಡಿಯಲ್ಲಿ ಮಾರುತ್ತಾರೆ ಅಂದಮೇಲೆ ಯಾರು ಬೇಕಾದರೂ ಹಾಕಿಕೊಳ್ಳಬಹುದು, ಮಕ್ಕಳ ವಿಷಯ ಬಿಡಿ" ಎನ್ನುವವರು ಇನ್ನೊಂದು ಕಡೆ.

ಎರಡೂ ಸರಿಯಲ್ಲ. ಏಕೆ ಎಂದು ಒಂದೊಂದಾಗಿ ನೋಡೋಣ.

ಮೊದಲು ತಿಳಿಯಬೇಕಾದ್ದು: ಬ್ಯಾಡ್ಜಿನಲ್ಲಿ ಮೂರು ಬಗೆ

ಚರ್ಚೆ ದಾರಿ ತಪ್ಪುವುದು ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೇ ಎಂದು ತಿಳಿಯುವುದರಿಂದ.

1. ಗಳಿಸಿದ ಬ್ಯಾಡ್ಜ್. ಕಲಿತು, ಪರೀಕ್ಷೆ ಕೊಟ್ಟು, ಘಟಕದ ದಾಖಲೆಯಲ್ಲಿ ಹೆಸರು ಬರೆಸಿಕೊಂಡು ಪಡೆದದ್ದು.

2. ಅನಧಿಕೃತ ಬ್ಯಾಡ್ಜ್. ಶಿಬಿರದ ನೆನಪಿಗೆ ಕೊಟ್ಟದ್ದು, ಗೆಳೆಯರೊಡನೆ ಬದಲಾಯಿಸಿಕೊಂಡದ್ದು, ತಮಾಷೆಗೆ ಮಾಡಿಸಿದ್ದು, ಪ್ರವಾಸದಲ್ಲಿ ಕೊಂಡದ್ದು. ಇದರಲ್ಲಿ ಸುಳ್ಳೇನಿಲ್ಲ. ಆದರೆ ಸಮವಸ್ತ್ರದ ನಿಯಮದಲ್ಲಿ ಇದಕ್ಕೆ ಜಾಗ ಇಲ್ಲದಿರಬಹುದು.

3. ಗಳಿಸದ ಬ್ಯಾಡ್ಜ್. ಬ್ಯಾಡ್ಜ್ ಅಸಲಿಯೇ, ಸಂಸ್ಥೆಯದ್ದೇ. ಹಾಕಿಕೊಂಡವರು ಮಾತ್ರ ಅದಕ್ಕೆ ಬೇಕಾದ ಕೆಲಸ ಮಾಡಿಲ್ಲ.

ಎರಡನೆಯದು ಶಿಸ್ತಿನ ಪ್ರಶ್ನೆ, ಮೂರನೆಯದು ಸತ್ಯದ ಪ್ರಶ್ನೆ. ಮೊದಲನೆಯ ಬಾರಿ ಶಿಬಿರಕ್ಕೆ ಹೋಗಿ ಬಂದ ಹುಡುಗಿ ಅಲ್ಲಿ ಕೊಟ್ಟ ಬ್ಯಾಡ್ಜನ್ನು ತಪ್ಪು ಜಾಗದಲ್ಲಿ ಹೊಲಿದುಕೊಂಡರೆ ಅವಳನ್ನು ಸುಳ್ಳುಗಾರ್ತಿಯಂತೆ ನೋಡಬಾರದು. ಹಾಗೆಯೇ ಈಜಲು ಬಾರದ ಹುಡುಗ ಈಜಿನ ಬ್ಯಾಡ್ಜ್ ಹಾಕಿಕೊಂಡರೆ ಅದನ್ನು "ಅಲಂಕಾರ" ಎಂದು ಬಿಟ್ಟುಬಿಡಲೂ ಬಾರದು.

ಈ ಚಿಹ್ನೆ ಶುರುವಾದದ್ದೇ ಗಳಿಕೆಯ ಗುರುತಾಗಿ

ಸ್ಕೌಟ್ ಚಿಹ್ನೆಯ ಕಥೆಗೆ ಭಾರತದ ನಂಟಿದೆ. ಸ್ಕೌಟ್ ಚಳವಳಿಯನ್ನು ಆರಂಭಿಸಿದ ರಾಬರ್ಟ್ ಬೇಡನ್ ಪೊವೆಲ್ 1890ರ ದಶಕದ ಕೊನೆಯಲ್ಲಿ ಭಾರತದಲ್ಲಿ 5ನೇ ಡ್ರಾಗೂನ್ ಗಾರ್ಡ್ಸ್ ಎಂಬ ಬ್ರಿಟಿಷ್ ಅಶ್ವದಳದ ಮುಖ್ಯಸ್ಥರಾಗಿದ್ದರು. ಮುಂದೆ ಹೋಗಿ ದಾರಿ ಹುಡುಕುವ, ಸುಳಿವು ಗುರುತಿಸುವ ಕೆಲಸದಲ್ಲಿ ತರಬೇತಿ ಪಡೆದು ತೇರ್ಗಡೆಯಾದ ಸೈನಿಕರಿಗೆ ಅವರು ತೋಳಿನ ಮೇಲೆ ಧರಿಸಲು ಒಂದು ಚಿಹ್ನೆ ಕೊಟ್ಟರು. ಹಳೆಯ ದಿಕ್ಸೂಚಿಗಳಲ್ಲಿ ಉತ್ತರ ದಿಕ್ಕನ್ನು ತೋರಿಸುವ ಮೂರು ದಳದ ಹೂವಿನ ಆಕಾರ ಅದು. ಇವತ್ತು ಲೋಕದ ಸ್ಕೌಟುಗಳ ಎದೆಯ ಮೇಲಿರುವುದು ಅದೇ ಆಕಾರ.

ಅಂದರೆ 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಹುಡುಗರ ಮೊದಲ ಪ್ರಯೋಗ ಶಿಬಿರ ನಡೆಯುವುದಕ್ಕಿಂತ ಮೊದಲೇ ಈ ಚಿಹ್ನೆಗೆ ಒಂದು ಅರ್ಥವಿತ್ತು: "ಈತನಿಗೆ ದಾರಿ ಗೊತ್ತು, ಈತನನ್ನು ನಂಬಿ ಹಿಂದೆ ಹೋಗಬಹುದು."

ನಮ್ಮಲ್ಲಿ ಬ್ಯಾಡ್ಜ್ ಸಿಗುವುದು ಹೇಗೆ?

ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆ ಹುಟ್ಟಿದ್ದು 1950ರ ನವೆಂಬರ್ 7ರಂದು. ಅದುವರೆಗೆ ಬೇರೆ ಬೇರೆಯಾಗಿದ್ದ ಸ್ಕೌಟ್ ಸಂಘಟನೆಗಳು ಅಂದು ಒಂದಾದವು. ಗೈಡ್ಸ್ ಸಂಘಟನೆ 1951ರಲ್ಲಿ ಸೇರಿಕೊಂಡಿತು.

ಇಲ್ಲಿ ಮಕ್ಕಳು ಹಂತಹಂತವಾಗಿ ಮೇಲೇರುತ್ತಾರೆ. ಪ್ರವೇಶ್, ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ, ರಾಜ್ಯ ಪುರಸ್ಕಾರ, ಕೊನೆಗೆ ರಾಷ್ಟ್ರಪತಿ ಪುರಸ್ಕಾರ. ಒಂದೊಂದು ಹಂತಕ್ಕೂ ತಿಂಗಳುಗಟ್ಟಲೆ ಸಮಯ ಬೇಕು. ಪೂರ್ತಿ ಮುಗಿಸಲು ವರ್ಷಗಳೇ ಹಿಡಿಯುತ್ತವೆ. ಗಂಟು ಹಾಕುವುದು, ಪ್ರಥಮ ಚಿಕಿತ್ಸೆ, ನಕ್ಷೆ ಓದುವುದು, ಬಯಲಲ್ಲಿ ಅಡುಗೆ, ಡೇರೆ ವಾಸ, ಸಮಾಜ ಸೇವೆ ಎಲ್ಲವನ್ನೂ ಮಾಡಿ ತೋರಿಸಬೇಕು.

ಇದರ ಜೊತೆಗೆ ಒಂದೊಂದು ಕೌಶಲಕ್ಕೂ ಪ್ರೊಫಿಷಿಯೆನ್ಸಿ ಬ್ಯಾಡ್ಜುಗಳಿವೆ. ಅಡುಗೆ, ಸೈಕಲ್, ಈಜು, ಪ್ರಥಮ ಚಿಕಿತ್ಸೆ, ಊರಿನ ದಾರಿ ತೋರಿಸುವುದು, ಹೀಗೆ. ಇವನ್ನು ಪಡೆಯಲು ಆ ವಿಷಯ ಬಲ್ಲವರ ಮುಂದೆ ಮಾಡಿ ತೋರಿಸಬೇಕು.

ಯಾವುದನ್ನು ಎಲ್ಲಿ ಧರಿಸಬೇಕು ಎಂಬುದಕ್ಕೂ ನಿಯಮವಿದೆ. ಸದಸ್ಯತ್ವದ ಬ್ಯಾಡ್ಜ್ ಎಡ ಜೇಬಿನ ಮಧ್ಯದಲ್ಲಿ. ನೇರಳೆ ಬಣ್ಣದ ವಿಶ್ವ ಸ್ಕೌಟ್ ಬ್ಯಾಡ್ಜ್ ಬಲ ಜೇಬಿನ ಮಧ್ಯದಲ್ಲಿ. ಸೋಪಾನದ ಬ್ಯಾಡ್ಜ್ ಎಡತೋಳಿನಲ್ಲಿ, ಕೌಶಲದ ಬ್ಯಾಡ್ಜುಗಳು ಬಲತೋಳಿನಲ್ಲಿ. ಹೀಗಿರುವುದರಿಂದ ಬಲ್ಲವರು ಒಂದು ನೋಟದಲ್ಲೇ ಆ ಮಗು ಎಷ್ಟು ಕಲಿತಿದೆ, ಏನು ಬಲ್ಲುದು ಎಂದು ಓದಿಬಿಡುತ್ತಾರೆ.

ಹೇಳಿಕೆ 1: "ಅದು ಬರೀ ಬಟ್ಟೆಯ ತುಂಡು, ಯಾರಿಗೂ ನಷ್ಟವಿಲ್ಲ"

ನಿಜವೇನು? ಬ್ಯಾಡ್ಜ್ ಆಭರಣವಲ್ಲ, ಅದೊಂದು ಮಾಹಿತಿ. ಎದುರಿಗಿರುವ ಅಪರಿಚಿತರು ಅದನ್ನು ಓದಿ ತೀರ್ಮಾನ ತೆಗೆದುಕೊಳ್ಳುತ್ತಾರೆ.

ಒಂದು ಸಂದರ್ಭ ಊಹಿಸಿಕೊಳ್ಳಿ. ಶಾಲೆಯ ಪ್ರವಾಸ, ನದಿಯ ದಡ. ಮೂವತ್ತು ಮಕ್ಕಳು, ಇಬ್ಬರು ಮೇಷ್ಟ್ರು. ನೀರಿಗಿಳಿಯಲು ಕೆಲವು ಮಕ್ಕಳು ಹಟ ಮಾಡುತ್ತಿದ್ದಾರೆ. ಒಬ್ಬ ಹುಡುಗನ ತೋಳಿನ ಮೇಲೆ ಈಜಿನ ಬ್ಯಾಡ್ಜ್ ಇದೆ. "ಇವನಿಗೆ ಈಜು ಬರುತ್ತೆ, ಇವನ ಜೊತೆ ಮೊಣಕಾಲುದ್ದ ನೀರಿಗೆ ಹೋಗಿ" ಎಂದು ಮೇಷ್ಟ್ರು ಹೇಳಿಬಿಡಬಹುದು. ಆ ಬ್ಯಾಡ್ಜ್ ಅಂಗಡಿಯಿಂದ ಬಂದದ್ದಾಗಿದ್ದರೆ? ಫೋಟೋಗೆಂದು ಹೊಲಿಸಿದ ಆ ಚಿಕ್ಕ ಬಟ್ಟೆ ಅಲ್ಲಿ ಪ್ರಾಣದ ಪ್ರಶ್ನೆಯಾಗುತ್ತದೆ.

ಇನ್ನೊಂದು ಸಂದರ್ಭ. ಜಾತ್ರೆ, ರಥೋತ್ಸವ, ಕ್ರೀಡಾಕೂಟಗಳಲ್ಲಿ ಸ್ಕೌಟ್ ಮತ್ತು ಗೈಡ್ ಮಕ್ಕಳು ಸ್ವಯಂಸೇವಕರಾಗಿ ನಿಲ್ಲುವುದನ್ನು ನೀವು ನೋಡಿರುತ್ತೀರಿ. ನೂಕುನುಗ್ಗಲಿನಲ್ಲಿ ಅಜ್ಜಿಯೊಬ್ಬರು ಕುಸಿದು ಬಿದ್ದರೆ ಜನ ಮೊದಲು ಹುಡುಕುವುದು ಸಮವಸ್ತ್ರದವರನ್ನೇ. ಪ್ರಥಮ ಚಿಕಿತ್ಸೆಯ ಬ್ಯಾಡ್ಜ್ ಇರುವ ಹುಡುಗಿಯನ್ನು ಕಂಡು "ಇವಳಿಗೆ ಗೊತ್ತಿರುತ್ತೆ, ಜಾಗ ಬಿಡಿ" ಎಂದು ಪಕ್ಕಕ್ಕೆ ಸರಿಯುತ್ತಾರೆ. ಅವಳಿಗೆ ಏನೂ ಗೊತ್ತಿಲ್ಲದಿದ್ದರೆ ಅಜ್ಜಿಗೆ ಸಿಗಬೇಕಾದ ಸಹಾಯ ತಡವಾಗುತ್ತದೆ. ಎಲ್ಲರೂ ನೋಡುತ್ತಿರುವಾಗ ಕೈಕಟ್ಟಿ ನಿಲ್ಲಬೇಕಾದ ಆ ಹುಡುಗಿಯ ಸಂಕಟವೂ ಕಡಿಮೆಯಲ್ಲ. ಆ ಸ್ಥಿತಿಗೆ ಅವಳನ್ನು ತಂದವರು ಬ್ಯಾಡ್ಜ್ ಹೊಲಿಸಿದ ದೊಡ್ಡವರು.

ಹೇಳಿಕೆ 2: "ಪೊಲೀಸ್ ಕೇಸ್ ಆಗುತ್ತದೆ, ಜೈಲು ಗ್ಯಾರಂಟಿ"

ನಿಜವೇನು? ಬರೀ ಬ್ಯಾಡ್ಜ್ ಹೊಲಿಸಿಕೊಂಡ ಮಾತ್ರಕ್ಕೆ ಮಗು ಜೈಲಿಗೆ ಹೋಗುವುದಿಲ್ಲ. ಈ ಹೆದರಿಕೆ ಹುಟ್ಟುವುದು ಬೇರೆ ಕಾನೂನುಗಳನ್ನು ಇದಕ್ಕೆ ತಂದು ಅಂಟಿಸುವುದರಿಂದ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಉಡುಪಿನ ಬಗ್ಗೆ ಎರಡು ಮುಖ್ಯ ಸೆಕ್ಷನ್‌ಗಳಿವೆ. ಸೆಕ್ಷನ್ 168 ಸೈನಿಕ, ನಾವಿಕ, ವಾಯುಸೈನಿಕರ ಉಡುಪು ಅಥವಾ ಗುರುತಿನ ಬಗ್ಗೆ. ಸೇನೆಯಲ್ಲಿಲ್ಲದವರು ತಾವು ಸೇನೆಯವರೆಂದು ನಂಬಿಸುವ ಉದ್ದೇಶದಿಂದ ಅವನ್ನು ಧರಿಸಿದರೆ ಅದು ಅಪರಾಧ. ಸೆಕ್ಷನ್ 205 ಸರ್ಕಾರಿ ನೌಕರರ ಉಡುಪನ್ನು ವಂಚನೆಯ ಉದ್ದೇಶದಿಂದ ಧರಿಸುವವರಿಗೆ. ಪೊಲೀಸ್ ವೇಷ ಹಾಕಿ ಹಣ ಕೀಳುವವರು ಇದರಲ್ಲಿ ಬರುತ್ತಾರೆ. ಎರಡಕ್ಕೂ ಮೂರು ತಿಂಗಳವರೆಗೆ ಜೈಲು, ದಂಡ, ಅಥವಾ ಎರಡೂ ಆಗಬಹುದು.

ಸ್ಕೌಟ್ಸ್ ಮತ್ತು ಗೈಡ್ಸ್ ಒಂದು ಸ್ವಯಂಸೇವಾ ಸಂಸ್ಥೆ. ಅದು ಸೇನೆಯಲ್ಲ, ಸರ್ಕಾರಿ ಇಲಾಖೆಯೂ ಅಲ್ಲ. ರಕ್ಷಣಾ ಸಚಿವಾಲಯದ ಅಡಿಯಲ್ಲಿರುವ ಎನ್‌ಸಿಸಿ ಬೇರೆ, ಸ್ಕೌಟ್ಸ್ ಬೇರೆ. ಇವೆರಡನ್ನು ಒಂದೇ ಎಂದುಕೊಳ್ಳುವುದರಿಂದಲೂ ಗೊಂದಲ ಆಗುತ್ತದೆ.

ಹಾಗಾದರೆ ಕಾನೂನಿನ ಸಮಸ್ಯೆ ಇಲ್ಲವೇ ಇಲ್ಲವೇ? ಇದೆ, ಅದು ಬ್ಯಾಡ್ಜಿನಲ್ಲಲ್ಲ, ಪ್ರಮಾಣಪತ್ರದಲ್ಲಿ. ಕರ್ನಾಟಕದಲ್ಲಿ ಕೆಇಎ ನಡೆಸುವ ಸಿಇಟಿ ಸೀಟು ಹಂಚಿಕೆಯ ವಿಶೇಷ ವರ್ಗಗಳಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ಕೂಡ ಒಂದು. ಭಾರತೀಯ ರೈಲ್ವೆಯ ನೇಮಕಾತಿಯಲ್ಲೂ ಸ್ಕೌಟ್ಸ್ ಮತ್ತು ಗೈಡ್ಸ್ ಕೋಟಾ ಇದೆ. ಅದಕ್ಕೆ ರಾಷ್ಟ್ರಪತಿ ಪುರಸ್ಕಾರದಂತಹ ಅರ್ಹತೆ ಕೇಳುತ್ತಾರೆ. ಅಲ್ಲಿ ಶರ್ಟಿನ ಬ್ಯಾಡ್ಜ್ ನೋಡುವುದಿಲ್ಲ, ದಾಖಲೆ ನೋಡುತ್ತಾರೆ. ನಕಲಿ ಪ್ರಮಾಣಪತ್ರ ಕೊಟ್ಟು ಸೀಟು ಅಥವಾ ಕೆಲಸ ಪಡೆದರೆ ಅದು ನಕಲಿ ದಾಖಲೆ ಮತ್ತು ವಂಚನೆಯ ಪ್ರಕರಣ. ವರ್ಷಗಟ್ಟಲೆ ಶಿಬಿರ ಮಾಡಿ, ಬಿಸಿಲಿನಲ್ಲಿ ನಿಂತು, ಪರೀಕ್ಷೆ ಕೊಟ್ಟ ಇನ್ನೊಂದು ಮಗುವಿನ ಸೀಟು ಅದರಿಂದ ಹೋಗುತ್ತದೆ.

ಹೇಳಿಕೆ 3: "ಅಂಗಡಿಯಲ್ಲಿ ಮಾರುತ್ತಾರೆ, ಅಂದರೆ ಹಾಕಿಕೊಳ್ಳಬಹುದು"

ನಿಜವೇನು? ಬ್ಯಾಡ್ಜ್ ಮಾರುವುದು ಗಳಿಸಿದವರಿಗೆ ಸಿಗಲಿ ಎಂದು. ತೊಳೆದು ತೊಳೆದು ಬಣ್ಣ ಹೋದರೆ ಹೊಸದು ಬೇಕಲ್ಲ? ಸ್ಟೆತಸ್ಕೋಪ್ ಯಾರು ಬೇಕಾದರೂ ಕೊಳ್ಳಬಹುದು, ಕೊಂಡವರೆಲ್ಲ ಡಾಕ್ಟರ್ ಆಗುವುದಿಲ್ಲ. ಬ್ಯಾಡ್ಜಿನ ಬೆಲೆ ಅಂಗಡಿಯ ರಸೀದಿಯಲ್ಲಿಲ್ಲ, ಘಟಕದ ರಿಜಿಸ್ಟರಿನಲ್ಲಿದೆ.

ಹೇಳಿಕೆ 4: "ವಿಡಿಯೋದಲ್ಲಿ ನೋಡಿದ್ದೇನೆ, ಬಲ ಜೇಬಿನ ಮೇಲೆ ಯಾವ ಪ್ಯಾಚ್ ಬೇಕಾದರೂ ಹಾಕಬಹುದು"

ನಿಜವೇನು? ನೀವು ನೋಡಿದ್ದು ಬಹುಶಃ ಅಮೆರಿಕದ ವಿಡಿಯೋ. ಅಲ್ಲಿನ ಸ್ಕೌಟ್ ಸಂಸ್ಥೆಯ ನಿಯಮದಲ್ಲಿ ಬಲ ಜೇಬು ತಾತ್ಕಾಲಿಕ ಪ್ಯಾಚಿನ ಜಾಗ. ಅಲ್ಲಿಯೂ ಒಂದು ಸಲಕ್ಕೆ ಒಂದೇ ಪ್ಯಾಚ್. ವಿಶ್ವ ಸ್ಕೌಟ್ ಬ್ಯಾಡ್ಜ್ ಅವರಿಗೆ ಎಡ ಜೇಬಿನ ಮೇಲ್ಭಾಗದಲ್ಲಿ ಬರುತ್ತದೆ. ನಮ್ಮಲ್ಲಿ ವಿಶ್ವ ಬ್ಯಾಡ್ಜಿನ ಜಾಗವೇ ಬಲ ಜೇಬು. ಅಮೆರಿಕದ ವಿಡಿಯೋ ನೋಡಿ ಅಲ್ಲಿ ಶಿಬಿರದ ಪ್ಯಾಚ್ ಹೊಲಿದರೆ ನಮ್ಮ ಸಮವಸ್ತ್ರದಲ್ಲಿ ತಪ್ಪಾಗುತ್ತದೆ.

ಹಾಗಾಗಿ ದೇಶ ಯಾವುದು, ಸಂಸ್ಥೆ ಯಾವುದು ಎಂದು ನೋಡದೆ ನಿಯಮವನ್ನು ಫಾರ್ವರ್ಡ್ ಮಾಡಬೇಡಿ. ನಿಮ್ಮ ಮಗುವಿನ ಸ್ಕೌಟ್ ಮಾಸ್ಟರ್ ಅಥವಾ ಗೈಡ್ ಕ್ಯಾಪ್ಟನ್ ಹೇಳಿದ್ದೇ ಅಂತಿಮ.

ಹಾಗಾದರೆ ನೆನಪಿನ ಪ್ಯಾಚುಗಳನ್ನು ಏನು ಮಾಡುವುದು?

ಇವನ್ನು ಬಿಸಾಡಬೇಕಿಲ್ಲ. ಬ್ಯಾಡ್ಜ್ ಬದಲಾಯಿಸಿಕೊಳ್ಳುವುದು ಸ್ಕೌಟ್ ಮೇಳಗಳ ದೊಡ್ಡ ಖುಷಿಗಳಲ್ಲಿ ಒಂದು. 1920ರಲ್ಲಿ ಲಂಡನ್ನಿನಲ್ಲಿ ಮೊದಲ ವಿಶ್ವ ಜಾಂಬೂರಿ ನಡೆಯಿತು. 2022ರ ಡಿಸೆಂಬರಿನಲ್ಲಿ ನಮ್ಮ ಮೂಡುಬಿದಿರೆಯಲ್ಲೇ ಅಂತರರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ನಡೆಯಿತು. ಇಂಥ ಕಡೆ ಬೇರೆ ಊರಿನ, ಬೇರೆ ದೇಶದ ಮಕ್ಕಳು ಭೇಟಿಯಾದಾಗ ಭಾಷೆ ಬಾರದಿದ್ದರೂ ಒಂದು ಬ್ಯಾಡ್ಜ್ ಕೊಟ್ಟು ಇನ್ನೊಂದು ಪಡೆದು ಗೆಳೆತನ ಶುರುಮಾಡುತ್ತಾರೆ.

ಇದಕ್ಕೂ ಒಂದಿಷ್ಟು ಮರ್ಯಾದೆಯಿದೆ:

• ಬದಲಾಯಿಸಿಕೊಂಡದ್ದು ಸಂಗ್ರಹಕ್ಕೆ, ಸಮವಸ್ತ್ರಕ್ಕಲ್ಲ. ಬೇರೆ ದೇಶದ ಸ್ಕೌಟ್ ಬ್ಯಾಡ್ಜ್ ನಿಮ್ಮ ತೋಳಿನ ಮೇಲಿದ್ದರೆ ನೀವು ಆ ದೇಶದವರು ಎಂದು ಅರ್ಥ ಬರುತ್ತದೆ.

• ಗಳಿಸಿದ ಬ್ಯಾಡ್ಜನ್ನು ಬದಲಾಯಿಸಿಕೊಳ್ಳಬೇಡಿ. ನೆನಪಿನ ಪ್ಯಾಚುಗಳನ್ನು ಮಾತ್ರ ಕೊಡಿ, ತೆಗೆದುಕೊಳ್ಳಿ.

• ಮಕ್ಕಳು ಮಕ್ಕಳೊಡನೆ, ದೊಡ್ಡವರು ದೊಡ್ಡವರೊಡನೆ. ಅಮೆರಿಕದ ಜಾಂಬೂರಿಗಳಲ್ಲಿ 18 ತುಂಬದವರು ತಮ್ಮ ವಯಸ್ಸಿನವರೊಡನೆ ಮಾತ್ರ ಬದಲಾಯಿಸಿಕೊಳ್ಳಬೇಕು ಎಂಬ ನಿಯಮವಿದೆ. ಮಕ್ಕಳಿಗೆ ಮೋಸ ಆಗದಿರಲಿ, ಸುರಕ್ಷತೆಯೂ ಇರಲಿ ಎಂಬುದು ಇದರ ಉದ್ದೇಶ. ಎಲ್ಲ ಕಡೆಗೂ ಒಳ್ಳೆಯ ನಿಯಮ.

• ಪ್ಯಾಚುಗಳನ್ನು ಕಂಬಳಿಯ ಮೇಲೆ ಹೊಲಿಯಿರಿ. ಬ್ರಿಟನ್ನಿನ ಸ್ಕೌಟುಗಳಲ್ಲಿ ಶಿಬಿರಾಗ್ನಿಯ ಹೊತ್ತು ಹೊದೆಯುವ ಕಂಬಳಿಗೆ ಎಲ್ಲ ನೆನಪಿನ ಪ್ಯಾಚುಗಳನ್ನು ಹೊಲಿಯುವ ರೂಢಿಯಿದೆ. ಅಮೆರಿಕದ ಗರ್ಲ್ ಸ್ಕೌಟ್‌ಗಳು ಗಳಿಸಿದ ಬ್ಯಾಡ್ಜುಗಳನ್ನು ತಮ್ಮ ಮೇಲಂಗಿಯ ಮುಂಭಾಗದಲ್ಲಿ, ಭಾಗವಹಿಸಿದ ನೆನಪಿನ ಪ್ಯಾಚುಗಳನ್ನು ಹಿಂಭಾಗದಲ್ಲಿ ಹಾಕುತ್ತಾರೆ. ನಮ್ಮಲ್ಲಿ ಹಳೆಯ ಕೌದಿ, ಬ್ಯಾಗು, ಗೋಡೆಗೆ ತೂಗುಹಾಕುವ ಬಟ್ಟೆ ಯಾವುದಾದರೂ ಸರಿ.

ಗೌರವದ ಚಿಹ್ನೆಯಾದರೂ ಜಾಗ ನೋಡಬೇಕು

"ಸೇನೆಯ ಮೇಲಿನ ಪ್ರೀತಿಯಿಂದ ಕಮಾಂಡೋ ಪ್ಯಾಚ್ ಹಾಕಿದ್ದೇವೆ, ತಪ್ಪೇನು?" ಎಂದು ಕೆಲವರು ಕೇಳಬಹುದು. 2019ರ ಕ್ರಿಕೆಟ್ ವಿಶ್ವಕಪ್ ನೆನಪಿಸಿಕೊಳ್ಳಿ. ಮಹೇಂದ್ರ ಸಿಂಗ್ ಧೋನಿಯವರ ಕೈಗವಸಿನ ಮೇಲೆ ಸೇನೆಯ ಚಿಹ್ನೆಯಿತ್ತು. ಅವರು ಪ್ಯಾರಾಶೂಟ್ ರೆಜಿಮೆಂಟಿನ ಗೌರವ ಲೆಫ್ಟಿನೆಂಟ್ ಕರ್ನಲ್. ಆದರೂ ಐಸಿಸಿ ಅದಕ್ಕೆ ಅನುಮತಿ ಕೊಡಲಿಲ್ಲ. ಚಿಹ್ನೆಯ ಮೇಲೆ ಅಗೌರವವಿತ್ತು ಎಂದಲ್ಲ, ಆ ಪಂದ್ಯದ ಉಡುಪಿನ ನಿಯಮದಲ್ಲಿ ಅದಕ್ಕೆ ಜಾಗವಿರಲಿಲ್ಲ.

ಸ್ಕೌಟ್ ಸಮವಸ್ತ್ರಕ್ಕೂ ಇದೇ ಮಾತು. ಮಗುವಿನ ತೋಳಿನ ಮೇಲೆ ಸೇನೆಯ ಪ್ಯಾಚ್, ಪಕ್ಷದ ಚಿಹ್ನೆ, ಅಭಿಮಾನಿ ಸಂಘದ ಲಾಂಛನ ಯಾವುದೂ ಬೇಡ. ಅವೆಲ್ಲ ಮನೆಯ ಬಟ್ಟೆಯ ಮೇಲೆ ಇರಲಿ.

ದೊಡ್ಡವರಿಗೂ ಇದು ಅನ್ವಯಿಸುತ್ತದೆ

ಸ್ಕೌಟ್ ಶಿಕ್ಷಕರ ಕೊರಳಲ್ಲಿ ಚರ್ಮದ ದಾರಕ್ಕೆ ಪೋಣಿಸಿದ ಸಣ್ಣ ಮರದ ಮಣಿಗಳನ್ನು ನೋಡಿದ್ದೀರಾ? ಅದು ವುಡ್ ಬ್ಯಾಡ್ಜ್. 1919ರಲ್ಲಿ ಇಂಗ್ಲೆಂಡಿನ ಗಿಲ್‌ವೆಲ್ ಪಾರ್ಕಿನಲ್ಲಿ ಶುರುವಾದ ನಾಯಕರ ತರಬೇತಿಯ ಗುರುತು. ನಮ್ಮಲ್ಲಿ ಇದನ್ನು ಹಿಮಾಲಯನ್ ವುಡ್ ಬ್ಯಾಡ್ಜ್ ಎನ್ನುತ್ತಾರೆ. ಎರಡು ಮಣಿ ಅಂದರೆ ತರಬೇತಿ ಪೂರ್ತಿ ಮುಗಿಸಿದವರು. ಮೂರು ಮತ್ತು ನಾಲ್ಕು ಮಣಿ ಅಂದರೆ ಬೇರೆ ನಾಯಕರಿಗೆ ತರಬೇತಿ ಕೊಡುವವರು. ಮಣಿ ಎಲ್ಲಿ ಬೇಕಾದರೂ ಸಿಗುತ್ತದೆ. ಆದರೆ ಮಕ್ಕಳನ್ನು ಕಾಡಿಗೆ ಚಾರಣಕ್ಕೆ ಕಳುಹಿಸುವ ಅಪ್ಪ ಅಮ್ಮ ಆ ಮಣಿಗಳನ್ನು ನಂಬಿ ಕಳುಹಿಸುತ್ತಾರೆ ಎಂಬುದನ್ನು ಮರೆಯಬಾರದು.

ಮನೆಯಲ್ಲಿ ಸಾಮಾನ್ಯವಾಗಿ ಬರುವ ಪ್ರಶ್ನೆಗಳು

ಅಣ್ಣನ ಹಳೆಯ ಶರ್ಟು ತಮ್ಮನಿಗೆ ಬಂದಿದೆ, ಅದರಲ್ಲಿ ತೃತೀಯ ಸೋಪಾನದ ಬ್ಯಾಡ್ಜ್ ಇದೆ. ಹಾಗೇ ಹಾಕಬಹುದೇ?
ಶರ್ಟು ಹಾಕಲಿ, ಬ್ಯಾಡ್ಜ್ ಬಿಚ್ಚಿ. ಬಿಚ್ಚಿದ ಬ್ಯಾಡ್ಜನ್ನು ಅಣ್ಣನಿಗೇ ಕೊಡಿ, ಅದು ಅವನ ಗಳಿಕೆ. ತಮ್ಮ ತನ್ನದನ್ನು ಗಳಿಸಿದಾಗ ಅಣ್ಣನ ಕೈಯಲ್ಲೇ ಹೊಲಿಸಿ.

ಫ್ಯಾನ್ಸಿ ಡ್ರೆಸ್ ಸ್ಪರ್ಧೆಗೆ ಸ್ಕೌಟ್ ವೇಷ ಹಾಕಿಸಬಹುದೇ?
ವೇಷ ಎಂದು ಎಲ್ಲರಿಗೂ ಗೊತ್ತಿರುವುದರಿಂದ ಅಲ್ಲಿ ಯಾರೂ ಮೋಸ ಹೋಗುವುದಿಲ್ಲ. ಆದರೂ ಪುರಸ್ಕಾರದ ಬ್ಯಾಡ್ಜುಗಳನ್ನು ಬಿಟ್ಟು ಬರೀ ಶರ್ಟು, ಸ್ಕಾರ್ಫು ಸಾಕು.

ಬೇರೆ ಮಕ್ಕಳ ಶರ್ಟಿನಲ್ಲಿ ಹತ್ತು ಬ್ಯಾಡ್ಜ್, ನಮ್ಮ ಮಗುವಿನದು ಖಾಲಿ. ಬೇಜಾರು ಮಾಡಿಕೊಳ್ಳುತ್ತಿದೆ.
ಖಾಲಿ ತೋಳು ಅವಮಾನವಲ್ಲ, ಈಗಷ್ಟೇ ಶುರು ಮಾಡಿದ್ದಾರೆ ಎಂದರ್ಥ. ಅಡುಗೆ ಅಥವಾ ಸೈಕಲ್ ಬ್ಯಾಡ್ಜಿಗೆ ಏನು ಕಲಿಯಬೇಕು ಎಂದು ಸ್ಕೌಟ್ ಮಾಸ್ಟರನ್ನು ಕೇಳಿ, ಮನೆಯಲ್ಲೇ ಅಭ್ಯಾಸ ಶುರುಮಾಡಿಸಿ. ಮಗು ಮೊದಲ ಸಲ ಒಲೆ ಹಚ್ಚಿ ಅನ್ನ ಮಾಡಿದ ದಿನದ ಫೋಟೋ, ಕೊಂಡ ಬ್ಯಾಡ್ಜಿನ ಫೋಟೋಗಿಂತ ಚೆನ್ನಾಗಿ ಬರುತ್ತದೆ.

ಬ್ಯಾಡ್ಜ್ ನಿಜವೇ ಎಂದು ತಿಳಿಯುವುದು ಹೇಗೆ?
ಘಟಕದ ರಿಜಿಸ್ಟರ್, ಮಗುವಿನ ಲಾಗ್ ಬುಕ್, ಪ್ರಮಾಣಪತ್ರ ನೋಡಿ. ಸಂಶಯ ಇದ್ದರೆ ಸ್ಕೌಟ್ಸ್ ಮತ್ತು ಗೈಡ್ಸ್ ಜಿಲ್ಲಾ ಸಂಸ್ಥೆಯಲ್ಲಿ ವಿಚಾರಿಸಿ.

ತಪ್ಪು ಕಂಡರೆ ಹೇಗೆ ಹೇಳಬೇಕು?

ಮಗುವಿನ ಶರ್ಟಿನಿಂದ ಎಲ್ಲರೆದುರು ಬ್ಯಾಡ್ಜ್ ಕೀಳಬೇಡಿ. ಫೋಟೋ ತೆಗೆದು ಗ್ರೂಪಿಗೆ ಹಾಕಿ ನಗಬೇಡಿ. ಹೆಚ್ಚಿನ ಸಲ ಅದನ್ನು ಹೊಲಿಸಿದವರು ಗೊತ್ತಿಲ್ಲದ ಅಮ್ಮ ಅಥವಾ ಅಂದಾಜಿನ ಮೇಲೆ ಹೊಲಿದ ಟೈಲರ್. ಪಕ್ಕಕ್ಕೆ ಕರೆದು, "ಪುಟ್ಟಾ, ಈ ಬ್ಯಾಡ್ಜಿಗೆ ಏನೇನು ಮಾಡಿದೆ?" ಎಂದು ಕೇಳಿ. ನಿಜವಾಗಿ ಗಳಿಸಿದ ಮಗು ಕಣ್ಣರಳಿಸಿ ಹತ್ತು ನಿಮಿಷ ಹೇಳುತ್ತದೆ. ಗಳಿಸದ ಮಗು ತಲೆ ತಗ್ಗಿಸುತ್ತದೆ. ಆಗ ಹೇಳಬೇಕಾದ್ದು ಇಷ್ಟೇ: "ಸರಿ, ಇದನ್ನು ಜೋಪಾನವಾಗಿ ಎತ್ತಿಡು. ಕಲಿತ ದಿನ ಹಾಕಿಕೊಳ್ಳೋಣ."

ಸ್ಕೌಟ್ ನಿಯಮಗಳಲ್ಲಿ ಮೊದಲನೆಯದೇ ನಂಬಿಕೆಗೆ ಅರ್ಹನಾಗಿರಬೇಕು ಎಂಬುದು. ಪರಿಶೀಲಿಸದೆ ಕಳಿಸಿದ ಫಾರ್ವರ್ಡ್ ಮತ್ತು ಗಳಿಸದೆ ಹೊಲಿಸಿದ ಬ್ಯಾಡ್ಜ್, ಎರಡೂ ಮಾಡುವುದು ಒಂದೇ ಕೆಲಸ: ನಂಬಿದವರನ್ನು ದಾರಿ ತಪ್ಪಿಸುತ್ತವೆ.

ಒಟ್ಟಿನಲ್ಲಿ

• ಬರೀ ಬ್ಯಾಡ್ಜ್ ಧರಿಸಿದ್ದಕ್ಕೆ ಜೈಲು ಎಂಬುದು ಸುಳ್ಳು. ನಕಲಿ ಪ್ರಮಾಣಪತ್ರದಿಂದ ಲಾಭ ಪಡೆಯುವುದು ಮಾತ್ರ ಅಪರಾಧ.
• ಅದರಿಂದ ಯಾರಿಗೂ ತೊಂದರೆಯಿಲ್ಲ ಎಂಬುದೂ ಸುಳ್ಳು. ಈಜು, ಪ್ರಥಮ ಚಿಕಿತ್ಸೆಯ ಬ್ಯಾಡ್ಜುಗಳನ್ನು ಜನ ನಂಬುತ್ತಾರೆ.
• ನೆನಪಿನ ಪ್ಯಾಚುಗಳಿಗೆ ಕಂಬಳಿ ಅಥವಾ ಬ್ಯಾಗು, ಗಳಿಸಿದ ಬ್ಯಾಡ್ಜುಗಳಿಗೆ ಸಮವಸ್ತ್ರ.
• ತಪ್ಪು ಕಂಡರೆ ಗುಟ್ಟಾಗಿ ಹೇಳಿ, ಮಗುವಿನ ಮಾನ ಉಳಿಸಿ.

ಮುಂದಿನ ಸಲ ಗ್ರೂಪಿನಲ್ಲಿ ಇಂಥ ಫೋಟೋ ಬಂದು ಜಗಳ ಶುರುವಾದರೆ ಈ ಲೇಖನವನ್ನು ಹಂಚಿಕೊಳ್ಳಿ. ಆ ಮಗುವಿನ ಫೋಟೋವನ್ನಲ್ಲ.